ಉಪ್ಪು ಕಳೆದರೆ ಬಾಳುವ ವೆಟ್‌ಸೂಟ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂತಾಕ್ರೂಝ್ ಪಟ್ಟಣವು ಸರ್ಫಿಂಗ್ ಕ್ರೀಡೆಯ ತವರುಗಳಲ್ಲೊಂದು. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸಿಲಿಕಾನ್ ಕಣಿವೆಯಿಂದ ಬೆಟ್ಟದ ಸಾಲೊಂದನ್ನು ದಾಟಿದರೆ ಸಿಗುವ ಈ ಕಡಲತೀರಕ್ಕೆ ವಾರಾಂತ್ಯದಲ್ಲಿ ಹೋಗಿಬರುವವರು ಅನೇಕರು. ಊರಿನ ಕಡಲನ್ನು ನೆನೆದು ಬರಿಗಾಲಲ್ಲಿ ನೀರಿಗಿಳಿದವರಿಗೆ ಮೊದಲು ಎದುರಾಗುವುದು ಅಚ್ಚರಿಯಲ್ಲ, ನಡುಕ. ಮಂಗಳೂರು, ಮಲ್ಪೆ, ಕಾರವಾರಗಳ ಕಡಲು ವರ್ಷದ ಹೆಚ್ಚಿನ ಕಾಲ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದರೆ, ಉತ್ತರ ಕ್ಯಾಲಿಫೋರ್ನಿಯಾದ ಕಡಲು ಬೇಸಿಗೆಯಲ್ಲೂ ಸಾಮಾನ್ಯವಾಗಿ 11ರಿಂದ 16 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅಂಥ ನೀರಿನಲ್ಲಿ ಗಂಟೆಗಟ್ಟಲೆ ಇರಬೇಕಾದರೆ ಮೈಗಂಟಿ ಕೂರುವ ಕಪ್ಪು ರಬ್ಬರಿನ ಉಡುಪು ಅನಿವಾರ್ಯ. ಅದೇ ವೆಟ್‌ಸೂಟ್.

ಸಾಧಾರಣ ಮಟ್ಟದ ಒಂದು ಪೂರ್ಣ ವೆಟ್‌ಸೂಟಿಗೆ ಅಲ್ಲಿ ನೂರಾರು ಡಾಲರ್ ತೆರಬೇಕು. ಸರಿಯಾಗಿ ನೋಡಿಕೊಂಡರೆ ಹಲವು ವರ್ಷ ಬಾಳುವ ಈ ಉಡುಪು, ಬಳಕೆಯ ನಂತರದ ಅರ್ಧ ಗಂಟೆಯ ಅಲಕ್ಷ್ಯದಿಂದಾಗಿ ಒಂದೆರಡು ವರ್ಷಗಳಲ್ಲೇ ಗಡುಸಾಗಿ, ಬಿರುಕುಬಿಟ್ಟು, ನಾರತೊಡಗುವುದುಂಟು. ಕಡಲಿನಿಂದ ಬಂದ ಮೇಲೆ ಅದನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕೆಂದು ಮಾರುವ ಅಂಗಡಿಯವರೆಲ್ಲ ಹೇಳುತ್ತಾರೆ. ಆದರೆ ಏಕೆ ತೊಳೆಯಬೇಕು, ಬಿಸಿಲು ಏಕೆ ಬೇಡ, ಒಳಮೈಯನ್ನು ಮೊದಲು ಏಕೆ ಒಣಗಿಸಬೇಕು ಎಂಬುದನ್ನು ವಿವರಿಸುವವರು ಕಡಿಮೆ. ಕಾರಣ ತಿಳಿದರೆ ಕೆಲಸ ಹಗುರವಾಗುತ್ತದೆ, ನೀರೂ ಉಳಿಯುತ್ತದೆ.

ಬೆಚ್ಚಗಿಡುವುದು ನೀರಲ್ಲ, ಗುಳ್ಳೆ

ವೆಟ್‌ಸೂಟಿನೊಳಗೆ ಸೇರಿದ ತೆಳುವಾದ ನೀರಿನ ಪದರ ಮೈಯ ಶಾಖದಿಂದ ಬೆಚ್ಚಗಾಗಿ ನಮ್ಮನ್ನು ಕಾಪಾಡುತ್ತದೆ ಎಂಬುದು ಬಹಳ ಪ್ರಚಲಿತವಾದ ವಿವರಣೆ. ಇದು ಅರ್ಧಸತ್ಯ. ನೀರು ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸಾಗಿಸುವ ವಸ್ತು. ಅದು ಹೊದಿಕೆಯಾಗಲಾರದು. ನಿಜವಾದ ಹೊದಿಕೆಯೆಂದರೆ ರಬ್ಬರಿನ ಒಳಗೆ ಸಿಕ್ಕಿಬಿದ್ದಿರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಅನಿಲದ ಗುಳ್ಳೆಗಳು. ಒಂದಕ್ಕೊಂದು ಸಂಪರ್ಕವಿಲ್ಲದ ಈ ಮುಚ್ಚಿದ ಗುಳ್ಳೆಗಳೊಳಗೆ ನೀರು ನುಗ್ಗುವುದಿಲ್ಲ. ಅನಿಲ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಮೈಗೂ ಸೂಟಿಗೂ ನಡುವೆ ನೀರು ಹೆಚ್ಚು ಹರಿದಾಡದಂತೆ ಉಡುಪು ಬಿಗಿಯಾಗಿರಬೇಕು, ಅಷ್ಟೆ.

ಈ ಗುಳ್ಳೆಗಳ ಮಾತು ಆರೈಕೆಯ ವಿಷಯದಲ್ಲಿ ಮುಖ್ಯ. ಗುಳ್ಳೆಯ ಗೋಡೆಗಳು ಮೃದುವಾಗಿ, ಹಿಗ್ಗಿ ಕುಗ್ಗುವಂತಿರುವವರೆಗೆ ಮಾತ್ರ ಉಡುಪಿಗೆ ಬೆಲೆ. ಗೋಡೆ ಗಡುಸಾಗಿ ಬಿರಿದರೆ ಅಥವಾ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದರೆ ಆ ಭಾಗದಲ್ಲಿ ಚಳಿ ನೇರವಾಗಿ ಮೈಗೆ ತಾಗುತ್ತದೆ. ಸೂಟಿನ ಮೇಲೆ 3/2 ಅಥವಾ 4/3 ಎಂದು ಬರೆದಿರುವುದು ಈ ರಬ್ಬರಿನ ದಪ್ಪವನ್ನು. 4/3 ಎಂದರೆ ಎದೆ, ಬೆನ್ನು, ಹೊಟ್ಟೆಯ ಭಾಗದಲ್ಲಿ 4 ಮಿಲಿಮೀಟರ್, ಕೈಕಾಲುಗಳ ಭಾಗದಲ್ಲಿ 3 ಮಿಲಿಮೀಟರ್. ಚಳಿಗೂ ನಮಗೂ ನಡುವೆ ಇರುವುದು ಇಷ್ಟೇ.

ಯುದ್ಧನೌಕಾಪಡೆಯಿಂದ ಕಡಲತೀರಕ್ಕೆ

ಈ ಉಡುಪಿನ ಮೂಲದ್ರವ್ಯವಾದ ನಿಯೋಪ್ರೀನ್ ಒಂದು ಕೃತಕ ರಬ್ಬರು. ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ, ಮುಂದೆ ನೈಲಾನ್‌ನಿಂದ ಹೆಸರಾದ ವ್ಯಾಲೇಸ್ ಕರಾದರ್ಸ್ ಅವರ ಸಂಶೋಧನಾ ತಂಡವು 1930ರಲ್ಲಿ ಇದನ್ನು ಕಂಡುಹಿಡಿಯಿತು. ಎಣ್ಣೆ, ಬಿಸಿಲು, ಓಝೋನ್‌ಗಳನ್ನು ಸಹಜ ರಬ್ಬರಿಗಿಂತ ಚೆನ್ನಾಗಿ ತಾಳಿಕೊಳ್ಳುವುದು ಇದರ ಗುಣ.

ಅದನ್ನು ಮೈಗೆ ತೊಡಿಸುವ ಆಲೋಚನೆ ಬಂದದ್ದು ಭೌತವಿಜ್ಞಾನಿಯೊಬ್ಬರಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿದ್ದ ಹ್ಯೂ ಬ್ರಾಡ್ನರ್, 1951ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿದ್ದರು. ನೌಕಾಪಡೆಯ ಮುಳುಗುಗಾರರನ್ನು ಚಳಿಯಿಂದ ಕಾಪಾಡುವ ಸಮಸ್ಯೆಯನ್ನು ಕೈಗೆತ್ತಿಕೊಂಡ ಅವರಿಗೆ ಹೊಳೆದದ್ದು ಸರಳವಾದ ಸಂಗತಿ: ಮೈ ಬೆಚ್ಚಗಿರಲು ಅದು ಒಣಗಿರಲೇಬೇಕೆಂದಿಲ್ಲ. ಗುಳ್ಳೆಗಳಿರುವ ರಬ್ಬರಿದ್ದರೆ ಮೈ ಒದ್ದೆಯಾದರೂ ಚಿಂತೆಯಿಲ್ಲ. ‘ಒದ್ದೆ ಉಡುಪು’ ಎಂಬ ಹೆಸರಿನ ಗುಟ್ಟು ಇದೇ. ಬ್ರಾಡ್ನರ್ ಇದರಿಂದ ಹಣ ಮಾಡಿದವರಲ್ಲ. 2008ರಲ್ಲಿ ಅವರು ತೀರಿಕೊಂಡರು.

ಹಣ ಮತ್ತು ಹೆಸರು ಎರಡೂ ಬಂದದ್ದು ಕಡಲತೀರದ ವ್ಯಾಪಾರಿಗಳಿಗೆ. ಜಾಕ್ ಓನೀಲ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲತೀರದ ಬಳಿ ಸರ್ಫಿಂಗ್ ಅಂಗಡಿ ತೆರೆದು, 1959ರಲ್ಲಿ ಸಾಂತಾಕ್ರೂಝ್‌ಗೆ ಬಂದು ನೆಲೆಸಿದರು. ಲಾಸ್ ಏಂಜಲಿಸ್ ಬಳಿಯ ರೆಡಾಂಡೊ ಬೀಚ್‌ನಲ್ಲಿ ಮೈಸ್ಟ್ರೆಲ್ ಅವಳಿ ಸಹೋದರರು 1953ರಿಂದ ನಡೆಸಿದ ವ್ಯಾಪಾರವೇ ಮುಂದೆ ಬಾಡಿ ಗ್ಲವ್ ಕಂಪೆನಿಯಾಯಿತು. ವೆಟ್‌ಸೂಟ್ ಮೊದಲು ಮಾಡಿದವರು ಯಾರೆಂಬ ಪೈಪೋಟಿ ಇವರ ನಡುವೆ ದೀರ್ಘಕಾಲ ನಡೆಯಿತು. ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವುದು ಬ್ರಾಡ್ನರ್ ಹೆಸರನ್ನೇ. ಆದರೆ ಸರ್ಫಿಂಗ್ ಮಾಡುವವರ ಮೈಗೆ ಈ ಉಡುಪನ್ನು ತೊಡಿಸಿ ಚಳಿಗಾಲದ ಕಡಲನ್ನೂ ಅವರಿಗೆ ತೆರೆದುಕೊಟ್ಟ ಶ್ರೇಯಸ್ಸು ಓನೀಲ್ ಅವರಿಗೂ ಮೈಸ್ಟ್ರೆಲ್ ಸಹೋದರರಿಗೂ ಸಲ್ಲಬೇಕು. ಓನೀಲ್ 2017ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.

ಆರಂಭದ ಸೂಟುಗಳಿಗೆ ಬಟ್ಟೆಯ ಒಳಪದರವಿರಲಿಲ್ಲ. ಬರಿಯ ರಬ್ಬರು ಮೈಗೆ ಅಂಟಿಕೊಳ್ಳುತ್ತಿದ್ದುದರಿಂದ ಪೌಡರ್ ಬಳಿದುಕೊಂಡು ತೊಡಬೇಕಾಗಿತ್ತು. ಎಳೆದರೆ ಹರಿದುಹೋಗುತ್ತಿತ್ತು. ನಂತರ ರಬ್ಬರಿಗೆ ನೈಲಾನ್ ಬಟ್ಟೆಯನ್ನು ಅಂಟಿಸುವ ಕ್ರಮ ಬಂದಿತು. ಇಂದಿನ ಸೂಟು ಎಂದರೆ ರಬ್ಬರು, ಬಟ್ಟೆ, ಅಂಟು, ಹೊಲಿಗೆ, ಜಿಪ್ ಎಂಬ ಐದು ವಸ್ತುಗಳ ಕೂಟ. ತೊಳೆಯುವಾಗಲೂ ಒಣಗಿಸುವಾಗಲೂ ಈ ಐದನ್ನೂ ನೆನಪಿಟ್ಟುಕೊಳ್ಳಬೇಕು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಾನಿಯಾಗಬಹುದು.

ಉಪ್ಪು ಮಾಡುವ ಕೆಲಸ

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕಡಲಿನಿಂದ ಹೊರಬಂದ ಸೂಟಿನ ಬಟ್ಟೆಯ ಪದರಗಳಲ್ಲಿ, ಮಡಿಕೆಗಳಲ್ಲಿ, ಕಾಲಿನ ತುದಿಗಳಲ್ಲಿ ಒಂದು ಲೀಟರ್ ನೀರು ಉಳಿಯಿತೆಂದು ಭಾವಿಸೋಣ. ತೊಳೆಯದೆ ಒಣಗಿಸಿದರೆ ನೀರು ಆರಿಹೋಗುತ್ತದೆ. 35 ಗ್ರಾಂ ಉಪ್ಪು, ಎಂದರೆ ಅಡುಗೆಮನೆಯ ಹಲವು ಚಮಚದಷ್ಟು, ಸೂಟಿನಲ್ಲೇ ಉಳಿಯುತ್ತದೆ.

ಈ ಉಪ್ಪು ಮೂರು ಬಗೆಯಲ್ಲಿ ಕೆಡುಕು ಮಾಡುತ್ತದೆ. ಮೊದಲನೆಯದು ಸವೆತ. ಒಣಗಿದ ಉಪ್ಪಿನ ಹರಳುಗಳಿಗೆ ಚೂಪಾದ ಅಂಚುಗಳಿರುತ್ತವೆ. ಅವು ಬಟ್ಟೆಯ ನೂಲುಗಳ ನಡುವೆ ಸೇರಿ, ಸೂಟನ್ನು ಎಳೆದಾಗಲೆಲ್ಲ ಉಜ್ಜುತ್ತವೆ. ಕಂಕುಳು, ಕುತ್ತಿಗೆ, ಮೊಣಕಾಲಿನ ಹಿಂಭಾಗಗಳಲ್ಲಿ ಬಟ್ಟೆಯಷ್ಟೇ ಅಲ್ಲ, ತೊಟ್ಟವರ ಚರ್ಮವೂ ಕೆರೆದುಹೋಗುತ್ತದೆ.

ಎರಡನೆಯದು ತುಕ್ಕು. ಲೋಹದ ಜಿಪ್‌ಗಳಿಗೂ ಜಿಪ್ಪಿನ ಎಳೆಗುಂಡಿಗೂ ಉಪ್ಪುನೀರು ಶತ್ರು. ಪ್ಲಾಸ್ಟಿಕ್ ಹಲ್ಲಿನ ಜಿಪ್ ಆದರೂ ಹಲ್ಲುಗಳ ನಡುವೆ ಉಪ್ಪು, ಮರಳು ಕೂತರೆ ಬಿಗಿದುಕೊಳ್ಳುತ್ತದೆ. ಬಲವಂತವಾಗಿ ಎಳೆದಾಗ ಹೊಲಿಗೆಯೇ ಬಿಟ್ಟುಬರುತ್ತದೆ.

ಮೂರನೆಯದು ಹೆಚ್ಚಿನವರು ಗಮನಿಸದೇ ಇರುವ ಸಂಗತಿ. ಉಪ್ಪು ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಜಾಡಿಯಲ್ಲಿ ನೀರೂರುವುದನ್ನು ಕಾಣದವರಿಲ್ಲ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ 75ನ್ನು ದಾಟಿದಾಗ ನೀರಾಗತೊಡಗುತ್ತದೆ. ಕಡಲುಪ್ಪಿನಲ್ಲಿ ಇದರ ಜೊತೆಗೆ ಮೆಗ್ನೀಸಿಯಂ ಲವಣಗಳೂ ಇರುತ್ತವೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 33ರಷ್ಟು ತೇವಾಂಶವೇ ಸಾಕು. ಆದ್ದರಿಂದ ತೊಳೆಯದ ಸೂಟು ಎಷ್ಟು ದಿನ ನೇತುಹಾಕಿದರೂ ಪೂರ್ತಿಯಾಗಿ ಒಣಗುವುದಿಲ್ಲ. ಮುಟ್ಟಿದರೆ ಸದಾ ತಣ್ಣಗೆ, ಅಂಟಂಟಾಗಿ ಇರುತ್ತದೆ. ತೊಳೆಯುವುದು ಒಣಗಿಸುವುದರ ಮೊದಲ ಹೆಜ್ಜೆ ಎಂದು ಹೇಳುವುದು ಇದೇ ಕಾರಣಕ್ಕೆ.

ನಾತ ಮತ್ತು ಚರ್ಮದ ಬಾಧೆ

ತೇವ ಉಳಿದಲ್ಲಿ ಸೂಕ್ಷ್ಮಾಣುಗಳಿಗೆ ಹಬ್ಬ. ಮೈಯ ಬೆವರು, ಸತ್ತ ಚರ್ಮದ ಕಣಗಳು, ಕಡಲಿನ ಪಾಚಿ ಎಲ್ಲವೂ ಅವುಗಳಿಗೆ ಆಹಾರ. ಇನ್ನೊಂದು ಸಂಗತಿಯನ್ನು ಸಭ್ಯತೆಯ ಕಾರಣಕ್ಕೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಣ್ಣೀರಿನಲ್ಲಿ ಗಂಟೆಗಟ್ಟಲೆ ಇರುವವರಿಗೆ ಮೂತ್ರದ ಒತ್ತಡ ಹೆಚ್ಚುವುದು ದೇಹಧರ್ಮ. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತ ದೇಹದ ಒಳಭಾಗಕ್ಕೆ ಸರಿಯುವುದರಿಂದಲೂ, ನೀರಿನ ಒತ್ತಡದಿಂದಲೂ ಮೂತ್ರಪಿಂಡಗಳು ಹೆಚ್ಚು ಕೆಲಸ ಮಾಡುತ್ತವೆ. ಸೂಟು ಬಿಚ್ಚುವುದು ದೊಡ್ಡ ಸಾಹಸವಾದ್ದರಿಂದ ಅನೇಕರು ಅದರೊಳಗೇ ಮೂತ್ರ ಮಾಡಿಬಿಡುತ್ತಾರೆ. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುತ್ತವೆ. ಕಾರಿನ ಡಿಕ್ಕಿಯಲ್ಲಿ ಎರಡು ದಿನ ಮರೆತ ಸೂಟಿನ ಮೂಗು ಮುಚ್ಚಿಸುವ ನಾತದ ಮೂಲ ಬಹುಮಟ್ಟಿಗೆ ಇದೇ.

ನಾತ ಸಹಿಸಬಹುದು, ಚರ್ಮರೋಗ ಹಾಗಲ್ಲ. ತೇವವಾಗಿ ಉಳಿದ ಮುಳುಗು ಉಡುಪುಗಳಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ತೊಟ್ಟವರ ರೋಮಕೂಪಗಳಲ್ಲಿ ಕೆಂಪು ಗುಳ್ಳೆಗಳೇಳುವ ಸೋಂಕನ್ನು ವೈದ್ಯಕೀಯ ಸಾಹಿತ್ಯ ದಾಖಲಿಸಿದೆ. ಗಾಯ ಅಥವಾ ಗೀರು ಇದ್ದಲ್ಲಿ ಅಪಾಯ ಇನ್ನೂ ಹೆಚ್ಚು. ಇತರರೊಡನೆ ಹಂಚಿಕೊಳ್ಳುವ ಬಾಡಿಗೆಯ ಸೂಟುಗಳನ್ನು ತೊಳೆಯುವುದಷ್ಟೇ ಅಲ್ಲ, ಸೋಂಕುನಿವಾರಕದಲ್ಲಿ ಅದ್ದಿ, ಪೂರ್ತಿ ಒಣಗಿಸಿಯೇ ಮತ್ತೊಬ್ಬರಿಗೆ ಕೊಡಬೇಕು.

ಫ್ಲಾರಿಡಾ ಮತ್ತು ಕೆರಿಬಿಯನ್ ಕಡಲುಗಳಲ್ಲಿ ಇನ್ನೊಂದು ತೊಂದರೆಯಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಂಬಲಿಮೀನಿನ ಮರಿಗಳು ಉಡುಪಿನೊಳಗೆ ಸಿಕ್ಕಿಕೊಂಡು ಚರ್ಮಕ್ಕೆ ಚುಚ್ಚುತ್ತವೆ. ಅವುಗಳ ಚುಚ್ಚುಕೋಶಗಳು ಸಿಹಿನೀರು ತಾಗಿದಾಗ ಸಿಡಿಯುತ್ತವೆ. ಉಡುಪು ಒಣಗಿದ ಮೇಲೂ ಅವು ನಿಷ್ಕ್ರಿಯವಾಗುತ್ತವೆಂಬ ಖಾತ್ರಿಯಿಲ್ಲ. ಹೀಗಾಗಿ ಅಂಥ ಕಡಲುಗಳಲ್ಲಿ ಉಡುಪನ್ನು ಮೊದಲು ಕಳಚಿ, ನಂತರ ಸ್ನಾನ ಮಾಡಬೇಕು; ಉಡುಪನ್ನು ಸೋಪಿನಿಂದ ತೊಳೆದ ಹೊರತು ಮತ್ತೆ ತೊಡಬಾರದು.

ಮಳೆ ಬಂದ ಮಾರನೆಯ ದಿನದ ಕಡಲಿನ ಬಗ್ಗೆಯೂ ಎಚ್ಚರ ಅಗತ್ಯ. ನಗರದ ಚರಂಡಿಯ ನೀರು ಕಡಲಿಗೆ ಸೇರುವುದರಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಗಳು ಮಳೆ ನಿಂತ ಮೇಲೆ 72 ಗಂಟೆಗಳ ಕಾಲ ನೀರಿಗಿಳಿಯಬೇಡಿ ಎಂದು ಸಲಹೆ ನೀಡುತ್ತವೆ. ಆ ಸಲಹೆಯನ್ನು ಮೀರಿ ಇಳಿದವರು ಸೂಟನ್ನು ಅಂದೇ ಸೋಪು ಹಾಕಿ ತೊಳೆಯುವುದು ಕ್ಷೇಮ.

ತೊಳೆಯುವ ಕ್ರಮ

ಕಡಲತೀರದಲ್ಲೇ ಸ್ನಾನದ ನಲ್ಲಿಯಿದ್ದರೆ ಸೂಟು ತೊಟ್ಟುಕೊಂಡೇ ಒಮ್ಮೆ ನೀರಿಗೆ ನಿಂತು ಮರಳನ್ನು ಕಳೆದುಕೊಳ್ಳಬಹುದು. ಅಂಬಲಿಮೀನಿನ ಭಯವಿರುವಲ್ಲಿ ಮಾತ್ರ ಇದು ಬೇಡ. ಅಲ್ಲಿ ಸೋಪು ಬಳಸಬಾರದು. ಆ ನೀರು ನೇರವಾಗಿ ಮರಳಿಗೂ ಕಡಲಿಗೂ ಇಳಿಯುತ್ತದೆ. ಸೂಟನ್ನು ಬಿಚ್ಚುವಾಗ ಉಗುರಿನಿಂದ ಹಿಡಿದೆಳೆಯದೆ, ಬೆರಳಿನ ಮೃದುಭಾಗದಿಂದ ಹಿಡಿದು, ಮೇಲಿನಿಂದ ಕೆಳಕ್ಕೆ ಸುಲಿದಂತೆ ತೆಗೆಯಬೇಕು. ಅರ್ಧಚಂದ್ರಾಕಾರದ ಸಣ್ಣ ಸೀಳುಗಳು ಕಂಡರೆ ಅವು ಉಗುರಿನ ಗುರುತುಗಳೆಂದೇ ತಿಳಿಯಬೇಕು. ಕಳಚಿದ ಸೂಟನ್ನು ಸಿಮೆಂಟ್ ನೆಲದ ಮೇಲೆ ತುಳಿಯುವ ಬದಲು ಅಗಲವಾದ ಪ್ಲಾಸ್ಟಿಕ್ ಬುಟ್ಟಿ ಅಥವಾ ಟಬ್ಬಿನಲ್ಲಿ ನಿಂತು ಕಳಚಿದರೆ ಒಳ್ಳೆಯದು.

ಮನೆಗೆ ಬಂದ ಕೂಡಲೇ, ಉಪ್ಪು ಒಣಗುವ ಮುನ್ನವೇ, ಸೂಟನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಬೇಕು. ಬಿಸಿನೀರು ಸಲ್ಲದು. ಹೊಲಿಗೆಗಳ ನಡುವಿನ ಅಂಟು ಮೃದುವಾಗಿ ಬಿಟ್ಟುಕೊಳ್ಳುತ್ತದೆ, ರಬ್ಬರಿನ ಹಿಗ್ಗುವ ಗುಣವೂ ಕುಗ್ಗುತ್ತದೆ. ಕೈಯಿಂದ ಮೆಲ್ಲಗೆ ಒತ್ತಿ ಬಿಡುತ್ತಿದ್ದರೆ ಬಟ್ಟೆಯ ಪದರದೊಳಗಿನ ಉಪ್ಪು ಹೊರಬರುತ್ತದೆ. ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ನಂತರ ಒಳಮೈ ಹೊರಗೆ ಬರುವಂತೆ ಮಗುಚಿ ಮತ್ತೆ ಹಾಗೆಯೇ ಮಾಡಬೇಕು. ಮೈಗೆ ತಾಗುವ ಒಳಮೈಯೇ ಹೆಚ್ಚು ಕೊಳೆಯಾಗುವುದು. ಜಿಪ್ಪನ್ನು ಎರಡು ಮೂರು ಸಲ ನೀರೊಳಗೇ ಎಳೆದು ಬಿಡುವುದು, ಕುತ್ತಿಗೆ, ಮಣಿಕಟ್ಟು, ಹಿಮ್ಮಡಿಯ ಅಂಚುಗಳನ್ನು ಬೆರಳಾಡಿಸಿ ತೊಳೆಯುವುದು ಅಗತ್ಯ.

ಪ್ರತಿ ಸಲವೂ ಸೋಪು ಬೇಕಿಲ್ಲ. ನಾಲ್ಕಾರು ಬಳಕೆಗೊಮ್ಮೆ, ಅಥವಾ ನಾತ ಬಂದಾಗ, ವೆಟ್‌ಸೂಟಿಗೆಂದೇ ಸಿಗುವ ದ್ರಾವಣವನ್ನೋ ಮಕ್ಕಳ ಶಾಂಪೂವಿನಂಥ ಸೌಮ್ಯ ಸೋಪನ್ನೋ ಬಳಸಬಹುದು. ಬಟ್ಟೆ ಒಗೆಯುವ ಯಂತ್ರ, ಖಾರವಾದ ಡಿಟರ್ಜೆಂಟ್, ಬ್ಲೀಚ್, ಬಟ್ಟೆ ಮೃದುಗೊಳಿಸುವ ದ್ರಾವಣ ಇವ್ಯಾವುವೂ ಸಲ್ಲವು. ಈಜುಕೊಳದ ಕ್ಲೋರಿನ್ ನೀರು ಕೂಡ ರಬ್ಬರಿಗೆ ಹಾನಿಕರ. ಕೊಳದಿಂದ ಬಂದ ಸೂಟನ್ನೂ ಕಡಲಿನಿಂದ ಬಂದದ್ದರಂತೆಯೇ ತೊಳೆಯಬೇಕು. ಕೊನೆಗೆ ನೀರು ತೆಗೆಯುವಾಗ ಸೀರೆ ಹಿಂಡುವಂತೆ ತಿರುಚಬಾರದು. ಮೇಲಿನಿಂದ ಕೆಳಕ್ಕೆ ಅಂಗೈಯಿಂದ ಒತ್ತುತ್ತ ಬಂದರೆ ಸಾಕು.

ಎರಡು ಬಕೆಟ್‌ನ ಲೆಕ್ಕ

ಕ್ಯಾಲಿಫೋರ್ನಿಯಾವನ್ನು 2012ರಿಂದ 2016ರವರೆಗೆ ತೀವ್ರ ಬರ ಕಾಡಿತು. 2015ರಲ್ಲಿ ಅಲ್ಲಿನ ರಾಜ್ಯ ಉದ್ಯಾನ ಇಲಾಖೆ ತನ್ನ ಕಡಲತೀರಗಳ ಹೊರಾಂಗಣ ಸ್ನಾನದ ನಲ್ಲಿಗಳನ್ನು ಬಂದ್ ಮಾಡಿತು. ಪೈಪು ಹಿಡಿದು ನೀರು ಸುರಿಸಿ ಸೂಟು ತೊಳೆಯುತ್ತಿದ್ದವರು ಬಕೆಟ್‌ನ ಮೊರೆಹೋಗಬೇಕಾಯಿತು. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು ಕುಡಿಯುವ ನೀರು ಬಳಸಿದವರಿಗೆ ಜಲಮಂಡಳಿಯು 5,000 ರೂಪಾಯಿ ದಂಡ ಘೋಷಿಸಿದ್ದನ್ನು ಕಂಡ ಬೆಂಗಳೂರಿನ ಓದುಗರಿಗೆ ಇದರ ಬಿಸಿ ಹೇಳಿ ತಿಳಿಸಬೇಕಾಗಿಲ್ಲ.

ಬಕೆಟ್‌ನಲ್ಲಿ ತೊಳೆಯುವುದು ಕಡಿಮೆ ನೀರಿನ ಉಪಾಯವಷ್ಟೇ ಅಲ್ಲ, ಉತ್ತಮ ಉಪಾಯವೂ ಹೌದು. ಸೂಟಿನಲ್ಲಿ ಒಂದು ಲೀಟರ್ ಕಡಲನೀರು, ಎಂದರೆ 35 ಗ್ರಾಂ ಉಪ್ಪು ಉಳಿದಿದೆಯೆಂದುಕೊಳ್ಳೋಣ. 20 ಲೀಟರ್ ನೀರನ್ನು ಒಂದೇ ಟಬ್ಬಿಗೆ ತುಂಬಿ ಅದರಲ್ಲಿ ಸೂಟನ್ನು ಚೆನ್ನಾಗಿ ಜಾಲಿಸಿ ತೆಗೆದರೆ, ಉಪ್ಪು 21 ಲೀಟರಿಗೆ ಹರಡಿಕೊಂಡು, ಮೇಲೆತ್ತಿದ ಸೂಟಿನ ಒಂದು ಲೀಟರ್‌ನಲ್ಲಿ ಸುಮಾರು 1.7 ಗ್ರಾಂ ಉಳಿಯುತ್ತದೆ. ಅದೇ 20 ಲೀಟರನ್ನು ಹತ್ತು ಹತ್ತು ಲೀಟರಿನ ಎರಡು ಬಕೆಟ್‌ಗಳಾಗಿ ಮಾಡಿಕೊಂಡರೆ ಮೊದಲ ಬಕೆಟ್‌ನ ನಂತರ 3.2 ಗ್ರಾಂ, ಎರಡನೆಯದರ ನಂತರ ಕೇವಲ 0.3 ಗ್ರಾಂ ಉಳಿಯುತ್ತದೆ. ನೀರು ಅಷ್ಟೇ, ಫಲ ಐದು ಪಟ್ಟಿಗೂ ಹೆಚ್ಚು. ನಡುವೆ ಒಮ್ಮೆ ನೀರು ಒತ್ತಿ ತೆಗೆದರೆ ಇನ್ನೂ ಒಳ್ಳೆಯದು. ಅಕ್ಕಿಯನ್ನು ಸ್ವಲ್ಪ ಸ್ವಲ್ಪ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯುವ, ಸೋಪಿನ ಬಟ್ಟೆಯನ್ನು ಬಕೆಟ್ ಬದಲಿಸಿ ಜಾಲಿಸುವ ನಮ್ಮ ಮನೆಗಳ ರೂಢಿಯ ಹಿಂದೆ ಇರುವುದೂ ಇದೇ ಗಣಿತ. ಎರಡನೆಯ ಬಕೆಟ್‌ನ ನೀರನ್ನು ಅಂಗಳ ತೊಳೆಯಲು ಬಳಸಬಹುದು. ಮೊದಲನೆಯದು ಉಪ್ಪಿನಂಶವಿರುವುದರಿಂದ ಗಿಡಗಳಿಗೆ ಬೇಡ.

ಒಣಗಿಸುವ ಕ್ರಮ

ಒಣಗಿಸುವಾಗ ಮಾಡುವ ತಪ್ಪುಗಳೇ ಸೂಟಿನ ಆಯುಷ್ಯವನ್ನು ಹೆಚ್ಚಾಗಿ ಕಳೆಯುವುದು. ಅಂಗಿಯಂತೆ ಭುಜಗಳಿಗೆ ತೆಳುವಾದ ತಂತಿಯ ಹ್ಯಾಂಗರ್ ತೂರಿಸಿ ನೇತುಹಾಕುವುದು ಎಲ್ಲೆಡೆ ಕಾಣುವ ತಪ್ಪು. ಒದ್ದೆ ಸೂಟಿನ ಭಾರವೆಲ್ಲ ಭುಜದ ಎರಡು ಬಿಂದುಗಳ ಮೇಲೆ ಬಿದ್ದು ರಬ್ಬರು ಅಲ್ಲಿ ಹಿಗ್ಗಿ ತೆಳುವಾಗುತ್ತದೆ, ತಂತಿಯ ಗುರುತು ಶಾಶ್ವತವಾಗಿ ಉಳಿಯುತ್ತದೆ. ಇದರ ಬದಲು ಸೂಟನ್ನು ಸೊಂಟದ ಬಳಿ ಮಡಿಸಿ, ಅರ್ಧ ಅತ್ತ ಅರ್ಧ ಇತ್ತ ಬರುವಂತೆ, ದಪ್ಪನೆಯ ಹ್ಯಾಂಗರ್ ಅಥವಾ ಬಿದಿರಿನ ಗಳುವಿನ ಮೇಲೆ ಹಾಕಬೇಕು. ಆಗ ಭಾರ ಹಂಚಿಹೋಗುತ್ತದೆ. ನೀರು ಕಾಲು ಮತ್ತು ತೋಳುಗಳ ತುದಿಯಿಂದ ಇಳಿದುಹೋಗುತ್ತದೆ.

ಮೊದಲು ಒಣಗಬೇಕಾದದ್ದು ಒಳಮೈ. ಹೊರಮೈ ಮೊದಲೇ ಒಣಗಿಹೋದರೆ ಸೂಟು ಒಣಗಿತೆಂಬ ಭ್ರಮೆ ಹುಟ್ಟಿ, ಒಳಗಿನ ತೇವದ ಸಮೇತ ಮಡಿಸಿಡುತ್ತೇವೆ. ಒಳಮೈ ಮೊದಲು ಒಣಗಿಸುವುದರಿಂದ ಇನ್ನೊಂದು ಲಾಭವಿದೆ: ಮಾರನೆಯ ದಿನ ಮತ್ತೆ ಕಡಲಿಗೆ ಹೋಗಬೇಕಾಗಿ ಬಂದರೂ ಮೈಗೆ ತಾಗುವ ಭಾಗವಾದರೂ ಒಣಗಿರುತ್ತದೆ. ಒಳಮೈ ಆರಿದ ಮೇಲೆ ಮಗುಚಿ ಹೊರಮೈಯನ್ನು ಒಣಗಿಸಬೇಕು.

ಜಾಗ ನೆರಳಾಗಿರಬೇಕು, ಗಾಳಿಯಾಡುತ್ತಿರಬೇಕು. ನಮ್ಮ ಬಟ್ಟೆಗಳಿಗೆ ಬಿಸಿಲು ಔಷಧವಾದರೂ ಈ ಉಡುಪಿಗೆ ಅದು ವಿಷ. ಸಹಜ ರಬ್ಬರಿಗಿಂತ ನಿಯೋಪ್ರೀನ್ ಬಿಸಿಲನ್ನು ಹೆಚ್ಚು ತಾಳಿಕೊಳ್ಳುವುದು ನಿಜ. ಆದರೆ ನೇರಳಾತೀತ ಕಿರಣಗಳು ಬಟ್ಟೆಯ ನೈಲಾನ್ ಮತ್ತು ಹಿಗ್ಗುವ ನೂಲುಗಳನ್ನು ದುರ್ಬಲಗೊಳಿಸುತ್ತವೆ. ಬಿಸಿಯೂ ಆಮ್ಲಜನಕವೂ ಸೇರಿ ರಬ್ಬರಿನ ಅಣುಸರಪಳಿಗಳ ನಡುವೆ ಹೊಸ ಕೊಂಡಿಗಳನ್ನು ಬೆಸೆಯುತ್ತವೆ. ಕೊಂಡಿ ಹೆಚ್ಚಿದಷ್ಟೂ ರಬ್ಬರು ಗಡುಸು. ಹೇರ್‌ಡ್ರೈಯರ್, ಬಟ್ಟೆ ಒಣಗಿಸುವ ಯಂತ್ರ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಎಲ್ಲವೂ ಇದೇ ಕೇಡನ್ನು ಮಾಡುತ್ತವೆ. ಅವಸರವಿದ್ದರೆ ಫ್ಯಾನ್ ಹಾಕಬಹುದು. ಒಣಗಿಸಬೇಕಾದದ್ದು ಗಾಳಿ, ಬಿಸಿಯಲ್ಲ.

ನಮ್ಮ ಕರಾವಳಿಯ ಪಾಡು

ಕರ್ನಾಟಕದ ಕರಾವಳಿಯಲ್ಲೂ ಸರ್ಫಿಂಗ್ ಬೇರೂರಿದೆ. ದೇಶದ ಮೊದಮೊದಲ ಸರ್ಫಿಂಗ್ ಕ್ಲಬ್‌ಗಳಲ್ಲೊಂದು ಮೂಲ್ಕಿಯಲ್ಲಿದೆ. 2016ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ನಮ್ಮ ಬೆಚ್ಚನೆಯ ನೀರಿನಲ್ಲಿ ಸರ್ಫಿಂಗ್‌ಗೆ ದಪ್ಪ ವೆಟ್‌ಸೂಟ್ ಬೇಕಿಲ್ಲ. ಬಿಸಿಲು ಮತ್ತು ಹಲಗೆಯ ಉಜ್ಜುವಿಕೆಯಿಂದ ಕಾಪಾಡುವ ತೆಳು ಅಂಗಿಯೇ ಸಾಕು. ಆದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವವರು ತೊಡುವುದು ವೆಟ್‌ಸೂಟನ್ನೇ. ಅಲ್ಲಿ ಒಂದೇ ಸೂಟು ಹಲವರ ಮೈಮೇಲೆ ಹೋಗುತ್ತದೆ. ಪ್ರವಾಸಿಗರು ಸೂಟು ಪಡೆಯುವಾಗ ಅದು ಒಣಗಿದೆಯೇ, ನಾತವಿದೆಯೇ ಎಂದು ನೋಡಿಯೇ ತೊಡಬೇಕು; ಅನುಮಾನ ಬಂದರೆ ಬೇರೆಯದನ್ನು ಕೇಳಲು ಸಂಕೋಚಪಡಬಾರದು.

ನಮ್ಮಲ್ಲಿ ಒಣಗಿಸುವುದು ಕ್ಯಾಲಿಫೋರ್ನಿಯಾಕ್ಕಿಂತ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯ ತೇವಾಂಶ ಶೇ 80ನ್ನು ಮೀರಿರುತ್ತದೆ. ಉಪ್ಪು ಉಳಿದ ಸೂಟು ಆ ಗಾಳಿಯಲ್ಲಿ ಒಣಗುವ ಮಾತೇ ಇಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಗಳು ಕಟ್ಟಿ ಬಟ್ಟೆ ಒಣಗಿಸುವ ರೂಢಿ ಹಳೆಯ ಮನೆಗಳಲ್ಲುಂಟು. ಹೊಗೆ ಮತ್ತು ಬಿಸಿಗೆ ರಬ್ಬರು ತಾಳದಾದ್ದರಿಂದ ವೆಟ್‌ಸೂಟಿಗೆ ಆ ಉಪಾಯ ಆಗದು. ಚೆನ್ನಾಗಿ ಜಾಲಿಸಿ, ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಮಗುಚಿ ಹಾಕುವುದೊಂದೇ ದಾರಿ. ಪೂರ್ತಿ ಆರದ ಸೂಟನ್ನು ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಒಣಗಿಸುವುದು ಬರೀ ಸ್ವಂತ ಹಿತವಲ್ಲ

ಕಡಲಿನಲ್ಲಿ ಬಳಸಿದ ಸೂಟನ್ನೇ ಕೆರೆ, ನದಿಗಳಲ್ಲಿ ಬಳಸುವವರಿಗೆ ಇನ್ನೊಂದು ಹೊಣೆಯಿದೆ. 2004ರಲ್ಲಿ ನ್ಯೂಝಿಲೆಂಡಿನ ದಕ್ಷಿಣ ದ್ವೀಪದ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಸೂಕ್ಷ್ಮಜೀವಿಯಾದ ಇದು ನದಿತಳವನ್ನೆಲ್ಲ ಲೋಳೆಯಂಥ ದಪ್ಪ ಹೊದಿಕೆಯಿಂದ ಮುಚ್ಚಿಬಿಡುತ್ತದೆ. ಒಂದು ನೀರಿನಿಂದ ಇನ್ನೊಂದಕ್ಕೆ ಅದು ಹೋಗಲು ಒದ್ದೆಯಾದ ಬೂಟು, ಬಲೆ, ಉಡುಪುಗಳ ಒಂದು ಹನಿ ಸಾಕು. ‘ನೋಡಿ, ತೊಳೆಯಿರಿ, ಒಣಗಿಸಿ’ ಎಂಬ ಅಭಿಯಾನ ಅಲ್ಲಿ ಮನೆಮಾತಾದದ್ದು ಹೀಗೆ. ಮುಟ್ಟಿದಾಗ ಒಣಗಿದೆ ಎನಿಸಿದ ಮೇಲೂ 48 ಗಂಟೆ ಬಿಡಬೇಕೆಂಬುದು ಅಲ್ಲಿನ ನಿಯಮ. ನಿಯೋಪ್ರೀನ್‌ನಂಥ ದಪ್ಪ ವಸ್ತು ಒಳಗೆ ತೇವ ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ.

ಸೂಟನ್ನು ಹೆಚ್ಚು ವರ್ಷ ಬಾಳಿಸುವುದಕ್ಕೆ ಜೇಬಿನಾಚೆಯ ಕಾರಣವೊಂದೂ ಇದೆ. ನಿಯೋಪ್ರೀನ್ ತಯಾರಾಗುವುದು ಕ್ಲೋರೊಪ್ರೀನ್ ಎಂಬ ರಾಸಾಯನಿಕದಿಂದ. 2010ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುವೆಂದು ವರ್ಗೀಕರಿಸಿತು. ಲೂಯಿಸಿಯಾನ ರಾಜ್ಯದ ಲಾಪ್ಲಾಸ್ ಊರಿನಲ್ಲಿ ಡ್ಯುಪಾಂಟ್ ಕಂಪೆನಿ ನಡೆಸುತ್ತಿದ್ದು, 2015ರಲ್ಲಿ ಜಪಾನಿನ ಡೆಂಕಾ ಕಂಪೆನಿಯ ಕೈಸೇರಿದ ಕಾರ್ಖಾನೆಯ ಸುತ್ತಲಿನ ಜನ, ಹೆಚ್ಚಿನವರು ಕಪ್ಪು ವರ್ಣೀಯರು, ಅದರ ಹೊಗೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರಲ್ಲಿ ಡೆಂಕಾ ಅಲ್ಲಿನ ಉತ್ಪಾದನೆಯನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ವೆಟ್‌ಸೂಟಿನ ರಬ್ಬರು ಏಷ್ಯಾದ ದೇಶಗಳಲ್ಲೂ ತಯಾರಾಗುತ್ತದೆ. ಎಲ್ಲಿ ತಯಾರಾದರೂ ಮೂಲದ್ರವ್ಯ ಅದೇ. ಸಹಜ ರಬ್ಬರಿನಿಂದ ಮಾಡಿದ ಸೂಟುಗಳೂ ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದಿವೆ. ಪ್ಯಾಟಗೋನಿಯಾ ಕಂಪೆನಿ 2016ರಲ್ಲಿ ಅತ್ತ ಹೊರಳಿತು. ಹಳೆಯ ನಿಯೋಪ್ರೀನ್ ಸೂಟನ್ನು ಕರಗಿಸಿ ಹೊಸದು ಮಾಡುವುದು ಸುಲಭವಲ್ಲ. ಬಿಸಾಡಿದ್ದು ಕಸದ ಗುಡ್ಡೆಯಲ್ಲಿ ಬಹುಕಾಲ ಉಳಿಯುತ್ತದೆ.

ಆದ್ದರಿಂದ ಸಣ್ಣ ಸೀಳು ಕಂಡಾಗ ಅದು ದೊಡ್ಡದಾಗುವ ಮುನ್ನವೇ, ಸೂಟು ಪೂರ್ತಿ ಒಣಗಿದ ಮೇಲೆ, ನಿಯೋಪ್ರೀನ್ ಅಂಟಿನಿಂದ ಕೂಡಿಸಬೇಕು. ತಿಂಗಳುಗಟ್ಟಲೆ ಬಳಸದಿದ್ದಾಗ ಬಿಗಿಯಾಗಿ ಮಡಿಸಿಡಬಾರದು. ಮಡಿಕೆಯ ಜಾಗದಲ್ಲಿ ಗುಳ್ಳೆಗಳು ಚಪ್ಪಟೆಯಾಗಿ ಗೆರೆ ನಿಲ್ಲುತ್ತದೆ. ಅಗಲವಾದ ಹ್ಯಾಂಗರಿಗೆ ತೂಗುಹಾಕುವುದು ಅಥವಾ ಚಪ್ಪಟೆಯಾಗಿ ಹಾಸಿಡುವುದು ಲೇಸು. ಜಿಪ್ಪಿಗೆ ಆಗಾಗ ಮೇಣ ಸವರಬೇಕು. ಇಷ್ಟಕ್ಕೂ ಬೇಕಾದದ್ದು ಎರಡು ಬಕೆಟ್ ತಣ್ಣೀರು, ಒಂದು ದಪ್ಪ ಗಳು, ಗಾಳಿಯಾಡುವ ನೆರಳು ಮತ್ತು ಮನೆ ಸೇರಿದೊಡನೆ ಅರ್ಧ ಗಂಟೆಯ ವ್ಯವಧಾನ.